ಕಾರಿಗೂ ರೈಲು ಟಿಕೆಟ್: ಈ ಸೇವೆ ಎಲ್ಲಿ ಓಡುತ್ತದೆ, ಎಲ್ಲಿ ನಿಂತುಬಿಡುತ್ತದೆ

2025ರ ಜುಲೈ ಮತ್ತು ಆಗಸ್ಟ್‌ನಲ್ಲಿ ಕೊಂಕಣ ರೈಲ್ವೆಯಿಂದ ಎರಡು ಸುದ್ದಿಗಳು ಬೆನ್ನುಬೆನ್ನಿಗೆ ಬಂದವು. ಗಣೇಶ ಚತುರ್ಥಿಗೆ ಊರಿಗೆ ಹೋಗುವವರು ತಮ್ಮ ಕಾರನ್ನು ರೈಲಿಗೇರಿಸಿ, ತಾವೂ ಅದೇ ರೈಲಿನ ಬೋಗಿಯಲ್ಲಿ ಕುಳಿತು ಹೋಗಬಹುದು ಅನ್ನುವುದು ಮೊದಲನೆಯದು. ದೇಶದಲ್ಲೇ ಇಂಥದ್ದು ಮೊದಲು ಅಂತ ಎಲ್ಲರೂ ಸಂಭ್ರಮಪಟ್ಟರು. ಕೆಲವೇ ವಾರಗಳಲ್ಲಿ ಎರಡನೆಯದು ಬಂತು: ಬುಕ್ಕಿಂಗ್‌ಗೆ ಜನರೇ ಇಲ್ಲ. 40 ಕಾರು ಹಿಡಿಸುವ ರೈಲು ಬೆರಳೆಣಿಕೆಯ ಕಾರುಗಳೊಂದಿಗೆ ಹೊರಟಿತು.

ಮುಂಬೈ–ಗೋವಾ ಹೆದ್ದಾರಿಯ ಗೋಳು ಎಲ್ಲರಿಗೂ ಗೊತ್ತು. ಹಬ್ಬದ ಸಮಯದಲ್ಲಿ ಆ ದಾರಿಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಹಾಗಿದ್ದೂ ಕಾರಿನ ರೈಲನ್ನು ಜನ ಯಾಕೆ ಒಪ್ಪಲಿಲ್ಲ? ಇದು ಸೋತಿದ್ದರೆ ಬೇರೆ ಮಾರ್ಗಗಳಿಗೆ ವಿಸ್ತರಿಸಿ ಅಂತ ಕೇಳುವುದರಲ್ಲಿ ಅರ್ಥ ಇದೆಯಾ? ಬೆಂಗಳೂರು, ಮಂಗಳೂರಿನ ಕಡೆಯವರಿಗೆ ಇದರಿಂದ ಏನಾದರೂ ಸಿಗಬಹುದಾ? ಇವಕ್ಕೆ ಉತ್ತರ ಬೇಕಾದರೆ ಮೊದಲು ಈ ರೈಲು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು.

ಲಾರಿಗೆ ಹಳೇ ದಾರಿ, ಕಾರಿಗೆ ಹೊಸದು

ರೈಲಿನ ಮೇಲೆ ಗಾಡಿ ಹತ್ತಿಸುವುದು ಕೊಂಕಣ ರೈಲ್ವೆಗೆ ಹೊಸದೇನಲ್ಲ. 1999ರ ಜನವರಿಯಿಂದಲೇ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಸರಕು ತುಂಬಿದ ಲಾರಿಗಳನ್ನು ಚಪ್ಪಟೆ ವ್ಯಾಗನ್ನುಗಳ ಮೇಲೆ ಸಾಗಿಸುತ್ತಿದೆ. ಇದೇ ರೋ-ರೋ ಸೇವೆ. ಲಾರಿ ರ‍್ಯಾಂಪ್ ಹತ್ತಿ ವ್ಯಾಗನ್ ಮೇಲೆ ಉರುಳಿಕೊಂಡು ಬರುತ್ತದೆ, ಇನ್ನೊಂದು ತುದಿಯಲ್ಲಿ ಉರುಳಿಕೊಂಡೇ ಇಳಿಯುತ್ತದೆ. ಆಮೇಲೆ ಈ ಸೇವೆ ನಮ್ಮ ಸುರತ್ಕಲ್‌ವರೆಗೂ ಬಂತು. ಕರಾವಳಿಯವರು ಸಾಲು ಲಾರಿಗಳನ್ನು ಹೊತ್ತ ಆ ಉದ್ದನೆಯ ರೈಲನ್ನು ನೋಡಿಯೇ ಇರುತ್ತಾರೆ. 2020ರ ಆಗಸ್ಟ್‌ನಲ್ಲಿ ನೈಋತ್ಯ ರೈಲ್ವೆ ಕೂಡ ನೆಲಮಂಗಲದಿಂದ ಸೊಲ್ಲಾಪುರದ ಹತ್ತಿರದ ಬಾಳೆಗೆ, ಸುಮಾರು 680 ಕಿ.ಮೀ. ದೂರಕ್ಕೆ, ಲಾರಿ ಸಾಗಿಸುವ ರೈಲು ಶುರು ಮಾಡಿತ್ತು.

ಹೊಸ ಕಾರುಗಳೂ ರೈಲಿನಲ್ಲೇ ಓಡಾಡುತ್ತಿವೆ. ಕಾರ್ಖಾನೆಯಿಂದ ಡೀಲರ್‌ಗಳ ಊರಿಗೆ ಹೋಗುವ ಕಾರುಗಳಿಗಾಗಿ ಎರಡು ಅಂತಸ್ತಿನ ಮುಚ್ಚಿದ ವ್ಯಾಗನ್ನುಗಳಿವೆ. ಅಂಥ ಒಂದು ರೇಕಿನಲ್ಲಿ, ಅಂದರೆ ಒಟ್ಟಿಗೆ ಜೋಡಿಸಿದ ವ್ಯಾಗನ್ನುಗಳ ಪೂರ್ತಿ ಸಾಲಿನಲ್ಲಿ, 260ರಷ್ಟು ಕಾರು ಹೋಗುತ್ತವೆ. ಇನ್ನು ಬೈಕನ್ನು ಪಾರ್ಸೆಲ್ ಮಾಡುವುದು ಗೊತ್ತೇ ಇದೆ, ಅಲ್ವಾ? ಪೆಟ್ರೋಲ್ ಖಾಲಿ ಮಾಡಿ, ಗೋಣಿ ಸುತ್ತಿಸಿ, ಆರ್‌ಸಿ ನಕಲು ಕೊಟ್ಟು ಕಳಿಸುತ್ತೇವೆ.

ಹಾಗಾದರೆ ಕೊಂಕಣದಲ್ಲಿ ಹೊಸದೇನು? ಕಾರೂ ಅದರ ಕುಟುಂಬವೂ ಒಂದೇ ರೈಲಿನಲ್ಲಿ, ಒಂದೇ ಹೊತ್ತಿಗೆ, ಒಂದೇ ಕಡೆ ಇಳಿಯುವುದು. ಕೇಳಲು ಸಣ್ಣ ಬದಲಾವಣೆ ಅನಿಸುತ್ತದೆ. ಕಷ್ಟವೆಲ್ಲ ಅಲ್ಲೇ ಇದೆ. ಸರಕು ಒಂದು ದಿನ ತಡವಾದರೆ ನಡೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೊರಟವರಿಗೆ ಹೊರಡುವ ಹೊತ್ತೂ ಇಳಿಯುವ ಹೊತ್ತೂ ಪಕ್ಕಾ ಇರಬೇಕು. ರೈಲು ತುಂಬಿದರೂ ತುಂಬದಿದ್ದರೂ ಹೊರಡಲೇಬೇಕು.

ಕೋಲಾಡ್–ವೆರ್ಣಾ ರೈಲಿನ ಲೆಕ್ಕ

ಪ್ರಕಟವಾದ ದರ ಹೀಗಿತ್ತು. ಒಂದು ಕಾರಿಗೆ, ಒಂದು ಕಡೆಗೆ, ತೆರಿಗೆ ಸೇರಿ 7,875 ರೂಪಾಯಿ. ಅದರಲ್ಲಿ 4,000 ರೂಪಾಯಿ ನೋಂದಣಿ ಹೊತ್ತಿಗೇ ಕಟ್ಟಬೇಕು. ಒಂದು ಕಾರಿನ ಜೊತೆ ಹೆಚ್ಚೆಂದರೆ 3 ಜನ. ಅವರಿಗೆ ಥರ್ಡ್ ಎಸಿಯಲ್ಲಿ ತಲಾ 935 ರೂಪಾಯಿ, ಸೆಕೆಂಡ್ ಸಿಟ್ಟಿಂಗ್‌ನಲ್ಲಿ ತಲಾ 190 ರೂಪಾಯಿ. 20 ವ್ಯಾಗನ್ನುಗಳು, ಒಂದೊಂದರಲ್ಲಿ 2 ಕಾರು, ಒಟ್ಟು 40. ಕನಿಷ್ಠ 16 ಕಾರು ಸೇರದಿದ್ದರೆ ಆ ದಿನದ ಟ್ರಿಪ್ ರದ್ದಾಗಬಹುದು ಅಂತ ಮೊದಲೇ ಹೇಳಿದ್ದರು.

ಈಗ ಒಂದು ಕುಟುಂಬದ ಜಾಗದಲ್ಲಿ ನಿಂತು ನೋಡೋಣ. ಮೂರು ಜನ ಥರ್ಡ್ ಎಸಿಯಲ್ಲಿ ಹೋದರೆ 2,805 ರೂಪಾಯಿ. ಕಾರಿನದ್ದು ಸೇರಿಸಿದರೆ 10,680. ಅದೇ ಕಾರನ್ನು ಮುಂಬೈಯಿಂದ ಗೋವಾದವರೆಗೆ ಸುಮಾರು 600 ಕಿ.ಮೀ. ಓಡಿಸಿದರೆ ಏನಾಗುತ್ತದೆ? ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ 40 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 104 ರೂಪಾಯಿ ಹಿಡಿದರೂ 4,160 ರೂಪಾಯಿ, ಮೇಲೆ ಒಂದಿಷ್ಟು ಟೋಲ್. ಅಂದರೆ ರೈಲಿಗೆ ಎರಡು ಪಟ್ಟಿಗಿಂತ ಜಾಸ್ತಿ ಖರ್ಚು. ಇಷ್ಟು ಕೊಟ್ಟು ಪಡೆಯುವುದು ದುಡ್ಡಿನ ಉಳಿತಾಯವನ್ನಲ್ಲ, ಆರಾಮವನ್ನು.

ಆರಾಮಕ್ಕೂ ಬೆಲೆ ಇದೆ, ಅದನ್ನು ಅಲ್ಲಗಳೆಯುವಂತಿಲ್ಲ. ಮಳೆಯಲ್ಲಿ, ರಾತ್ರಿಯಲ್ಲಿ, ಘಟ್ಟದ ತಿರುವುಗಳಲ್ಲಿ ಗಾಡಿ ಓಡಿಸುವ ದಣಿವು ಸುಮ್ನೆ ಮಾತಲ್ಲ. 2023ರಲ್ಲಿ ದೇಶದ ರಸ್ತೆಗಳಲ್ಲಿ 1.72 ಲಕ್ಷಕ್ಕೂ ಹೆಚ್ಚು ಜನ ಸತ್ತರು. ನಿದ್ದೆಗೆಟ್ಟ ಒಬ್ಬ ಡ್ರೈವರ್ ಕಡಿಮೆಯಾದರೆ ಅದು ಅವನ ಮನೆಯವರಿಗೆ ಮಾತ್ರವಲ್ಲ, ಎದುರಿನಿಂದ ಬರುವವರಿಗೂ ಲಾಭ. ಈ ಲಾಭ ಟಿಕೆಟ್ ದರದಲ್ಲಿ ಎಲ್ಲೂ ಕಾಣುವುದಿಲ್ಲ.

ಆದರೆ ಆ ಆರಾಮವಾದರೂ ಪೂರ್ತಿ ಸಿಕ್ಕಿತಾ? ಪ್ರಯಾಣಿಕರು ಹಿಂದೆಗೆದದ್ದು ಇಲ್ಲೇ.

ಕೋಲಾಡ್ ಮುಂಬೈ ಅಲ್ಲ

ಕೋಲಾಡ್ ಇರುವುದು ಮುಂಬೈಯಿಂದ ಸುಮಾರು 120 ಕಿ.ಮೀ. ದೂರದಲ್ಲಿ. ಅಲ್ಲಿಯವರೆಗೆ ಕಾರನ್ನು ನಾವೇ ಓಡಿಸಿಕೊಂಡು ಹೋಗಬೇಕು. ಅದೂ ಯಾವ ದಾರಿಯಲ್ಲಿ? ಪನ್ವೇಲ್, ಪೇಣ್, ವಡಖಳ್ ದಾಟಿಕೊಂಡು, ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ಈ ಹೆದ್ದಾರಿಯ ಅಗಲೀಕರಣ 2011ರಲ್ಲಿ ಶುರುವಾಯಿತು. ವರ್ಷವರ್ಷವೂ ಗಡುವು ಮುಂದೆ ಹೋಗುತ್ತಲೇ ಬಂತು. ಅಂದರೆ ಹಬ್ಬದ ಟ್ರಾಫಿಕ್ಕಿನ ದೊಡ್ಡ ಪಾಲನ್ನು ಅನುಭವಿಸಿ ಮುಗಿಸಿದ ಮೇಲೆ ರೈಲು ಸಿಗುತ್ತದೆ. ಸಂಜೆ 5 ಗಂಟೆಯ ರೈಲಿಗೆ ಮಧ್ಯಾಹ್ನ 2ಕ್ಕೇ ಹಾಜರಾಗಬೇಕಿತ್ತು. ಹಾಗಾಗಿ ಮುಂಬೈಯಿಂದ ಬೆಳಿಗ್ಗೆಯೇ ಹೊರಡಬೇಕು. ಮರುದಿನ ನಸುಕಿನಲ್ಲಿ ವೆರ್ಣಾ. ರೈಲಿನ 12 ಗಂಟೆಗೆ ಇದನ್ನೆಲ್ಲ ಕೂಡಿಸಿದರೆ ಹೆಚ್ಚುಕಡಿಮೆ ಒಂದು ಹಗಲು, ಒಂದು ರಾತ್ರಿ.

ಮುಂಬೈಯಿಂದಲೇ ಯಾಕೆ ಹೊರಡಿಸಲಿಲ್ಲ ಅಂತ ಹಲವರು ಕೇಳಿದರು. ಕೊಂಕಣ ರೈಲ್ವೆಯ ಸ್ವಂತ ಹಳಿ ಶುರುವಾಗುವುದೇ ರೋಹಾದಿಂದ. ಅದರ ಉತ್ತರಕ್ಕೆ ಇರುವುದು ಮಧ್ಯ ರೈಲ್ವೆಯ ಹಳಿ. ರೋಹಾ ದಾಟಿದ ಮೇಲೆ ಸಿಗುವ ಕೋಲಾಡ್‌ನಲ್ಲಿ ಲಾರಿಗಾಗಿ ಕಟ್ಟಿದ ರ‍್ಯಾಂಪ್ ರೆಡಿ ಇತ್ತು. ಮುಂಬೈಯೊಳಗೆ ಕಾರು ಹತ್ತಿಸಬೇಕಾದರೆ ಹೊಸ ರ‍್ಯಾಂಪ್ ಬೇಕು, ಕಾರುಗಳು ಸಾಲಾಗಿ ನಿಲ್ಲುವಷ್ಟು ಜಾಗ ಬೇಕು, ಖಾಲಿ ರೇಕು ನಿಲ್ಲಿಸಲು ಹಳಿ ಬೇಕು. ಮುಂಬೈಯಲ್ಲಿ ಸಾಲದೇ ಇರುವುದು ಈ ಮೂರೇ.

ಇನ್ನೊಂದು ತುದಿಯ ಕಥೆಯೂ ಹೀಗೇ. ಗಣೇಶ ಚತುರ್ಥಿಗೆ ಮುಂಬೈ ಬಿಡುವವರಲ್ಲಿ ಹೆಚ್ಚಿನವರು ಗೋವಾಕ್ಕೆ ಹೋಗುವವರಲ್ಲ. ಮುಂಬೈಯಲ್ಲಿ ದುಡಿಯುವ ಕೊಂಕಣಿಗರನ್ನು ಅಲ್ಲಿ ಚಾಕರಮಾನಿ ಅನ್ನುತ್ತಾರೆ. ಅವರು ಹೋಗುವುದು ರಾಯಗಡ, ರತ್ನಾಗಿರಿ, ಸಿಂಧುದುರ್ಗ ಜಿಲ್ಲೆಗಳ ಹಳ್ಳಿಗಳಿಗೆ. ಮನೆಯಲ್ಲಿ ಗಣಪತಿ ಕೂರಿಸಿ ವಾರ, ಹತ್ತು ದಿನ ಇರುತ್ತಾರೆ. ಕಾರು ಬೇಕಾಗಿರುವುದು ಇಂಥವರಿಗೇ. ರೈಲು ಮಾತ್ರ ಅವರ ಊರುಗಳನ್ನೆಲ್ಲ ದಾಟಿ ಗೋವಾದಲ್ಲಿ ನಿಲ್ಲುತ್ತದೆ. ತಪ್ಪು ತಿಳಿದ ಮೇಲೆ ಸಿಂಧುದುರ್ಗದ ನಾಂದಗಾವ್ ರೋಡ್‌ನಲ್ಲಿ ಒಂದು ನಿಲುಗಡೆ ಸೇರಿಸಿ, ಅಲ್ಲಿಗೆ 5,460 ರೂಪಾಯಿ ದರ ಇಟ್ಟರು. ಆ ಹೊತ್ತಿಗೆ ಹಬ್ಬ ಹತ್ತಿರ ಬಂದಾಗಿತ್ತು.

ಬುಕ್ಕಿಂಗ್ ಶುರುವಾದದ್ದು ಜುಲೈ 21ಕ್ಕೆ, ರೈಲು ಆಗಸ್ಟ್ 23ಕ್ಕೆ. ರೈಲು ಟಿಕೆಟ್ ಈಗ 60 ದಿನ ಮೊದಲು ಸಿಗುತ್ತದೆ. ಊರಿಗೆ ಹೋಗುವವರು ಟಿಕೆಟ್ಟನ್ನೋ ಡ್ರೈವರನ್ನೋ ಅಷ್ಟರಲ್ಲೇ ಗೊತ್ತುಮಾಡಿಕೊಂಡಿರುತ್ತಾರೆ. ಒಂದು ತಿಂಗಳ ಮುಂಚೆ ಬಂದ ಹೊಸ ದಾರಿಗೆ ಯಾರು ತಾನೇ ಪ್ಲಾನ್ ಬದಲಿಸುತ್ತಾರೆ?

ನಡುವೆ ನಿಲ್ಲಿಸುವುದು ಯಾಕೆ ಕಷ್ಟ

ನಾಲ್ಕು ಊರಲ್ಲಿ ನಿಲ್ಲಿಸಿದ್ದರೆ ಆಗುತ್ತಿತ್ತಲ್ಲ ಅಂತ ಅನಿಸುವುದು ಸಹಜ. ಆದರೆ ಕಾರು ಇಳಿಯುವ ರೀತಿ ಜನ ಇಳಿಯುವ ಹಾಗಲ್ಲ. ಚಪ್ಪಟೆ ವ್ಯಾಗನ್ನುಗಳ ಸಾಲಿಗೆ ಕಾರುಗಳು ಒಂದು ತುದಿಯಿಂದ ಹತ್ತುತ್ತವೆ. ಮೊದಲ ಕಾರು ಎಲ್ಲ ವ್ಯಾಗನ್ನುಗಳನ್ನೂ ದಾಟಿ ಕೊನೆಗೆ ಹೋಗಿ ನಿಲ್ಲುತ್ತದೆ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ನಿಂತ ಮೇಲೆ ಚಕ್ರಗಳನ್ನು ಬಿಗಿದು ಕಟ್ಟುತ್ತಾರೆ. ಮಧ್ಯದಲ್ಲಿ ಸಿಕ್ಕಿಕೊಂಡ ಕಾರು ತನ್ನ ಮುಂದಿನದು ಸರಿಯದೆ ಅಲ್ಲಾಡುವಂತಿಲ್ಲ. ಹಾಗಾಗಿ ನಡುವಿನ ಊರಿನ ಕಾರುಗಳನ್ನು ಬೇರೆ ವ್ಯಾಗನ್ನುಗಳಲ್ಲಿ ಗುಂಪು ಮಾಡಬೇಕು. ಆ ಊರಿನಲ್ಲೂ ರ‍್ಯಾಂಪ್ ಇರಬೇಕು. ಹಳಿ ಒಂಟಿಯಾಗಿದ್ದರೆ ಇಳಿಸಿ ಮುಗಿಯುವ ತನಕ ರೈಲು ಪಕ್ಕದ ಹಳಿಯಲ್ಲಿ ನಿಂತಿರಬೇಕು. ಒಂದೊಂದು ನಿಲುಗಡೆಯೂ ಗಂಟೆ ತಿನ್ನುತ್ತದೆ.

ತಮ್ಮ ಕಾರಿನಲ್ಲೇ ಕುಳಿತು ಹೋಗಲು ಪ್ರಯಾಣಿಕರನ್ನು ಯಾಕೆ ಬಿಡಲಿಲ್ಲ ಅನ್ನುವ ಪ್ರಶ್ನೆಯೂ ಬಂತು. ಲಾರಿ ಡ್ರೈವರುಗಳು ಲಾರಿಯಲ್ಲೇ ಇರುತ್ತಾರಲ್ಲ? ಮಾರ್ಗ ಈಗ ವಿದ್ಯುದೀಕರಣವಾಗಿದೆ. ತೆರೆದ ವ್ಯಾಗನ್ನಿನ ತಲೆಯ ಮೇಲೆ 25,000 ವೋಲ್ಟ್ ತಂತಿ ಹರಿಯುತ್ತಿರುತ್ತದೆ. ಮಕ್ಕಳಿರುವ ಕುಟುಂಬವನ್ನು ಅದರಡಿ, ಶೌಚಾಲಯವೂ ಇಲ್ಲದೆ, 12 ಗಂಟೆ ಕೂರಿಸುವುದು ಸರಿಯಲ್ಲ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಸಮುದ್ರದಡಿಯ ಸುರಂಗದಲ್ಲಿ ಜನ ಕಾರಿನಲ್ಲೇ ಕೂರುತ್ತಾರೆ, ನಿಜ. ಆದರೆ ಅಲ್ಲಿ ವ್ಯಾಗನ್ ಪೂರ್ತಿ ಮುಚ್ಚಿದ್ದು, ಪ್ರಯಾಣ 35 ನಿಮಿಷದ್ದು.

ಗೆದ್ದ ರೈಲು: ಲಾರ್ಟನ್–ಸ್ಯಾನ್‌ಫರ್ಡ್

ಜಗತ್ತಿನಲ್ಲಿ ಕಾರಿನ ರೈಲು ಚೆನ್ನಾಗಿ ಓಡುವ ಜಾಗವೂ ಇದೆ. ಅಮೆರಿಕದ ಆಮ್‌ಟ್ರ್ಯಾಕ್ ಸಂಸ್ಥೆಯ ಆಟೋ ಟ್ರೈನ್ ದಿನವೂ ಸಂಜೆ ವಾಷಿಂಗ್ಟನ್ ಹತ್ತಿರದ ಲಾರ್ಟನ್‌ನಿಂದ ಫ್ಲಾರಿಡಾದ ಸ್ಯಾನ್‌ಫರ್ಡ್‌ಗೆ ಹೊರಡುತ್ತದೆ. ಅದೇ ಹೊತ್ತಿಗೆ ಆ ಕಡೆಯಿಂದ ಇನ್ನೊಂದು. ದೂರ ಸುಮಾರು 1,376 ಕಿ.ಮೀ., ಸಮಯ ಸುಮಾರು 17 ಗಂಟೆ. ನಡುವೆ ಪ್ರಯಾಣಿಕರು ಹತ್ತಿ ಇಳಿಯುವ ನಿಲುಗಡೆ ಒಂದೂ ಇಲ್ಲ. ಸಿಬ್ಬಂದಿ ಬದಲಾಗಲು, ಇಂಧನ ತುಂಬಲು ಮಾತ್ರ ಫ್ಲಾರೆನ್ಸ್ ಅನ್ನುವ ಊರಿನಲ್ಲಿ ನಿಲ್ಲುತ್ತದೆ. ಕಾರಿಗೆ ಒಂದು ಸಂಖ್ಯೆಯ ಪಟ್ಟಿ ಅಂಟಿಸಿ ಸಿಬ್ಬಂದಿಯೇ ಒಳಗೆ ಓಡಿಸಿಕೊಂಡು ಹೋಗುತ್ತಾರೆ. ಬೆಳಿಗ್ಗೆ ಇಳಿದ ಮೇಲೆ ಸಂಖ್ಯೆ ಕೂಗಿದಾಗ ಹೋಗಿ ಕಾರು ತೆಗೆದುಕೊಳ್ಳಬೇಕು.

ಈ ರೈಲಿನ ಗ್ರಾಹಕ ಯಾರು ಅನ್ನುವುದರಲ್ಲೇ ಇದರ ಗುಟ್ಟಿದೆ. ಉತ್ತರದ ರಾಜ್ಯಗಳ ನಿವೃತ್ತರು ಚಳಿಗಾಲ ಪೂರ್ತಿ ಫ್ಲಾರಿಡಾದಲ್ಲಿ ಕಳೆಯುತ್ತಾರೆ. ಅವರನ್ನು ಸ್ನೋಬರ್ಡ್ಸ್ ಅಂತಲೇ ಕರೆಯುತ್ತಾರೆ. ತಿಂಗಳುಗಟ್ಟಲೆ ಇರುವವರಿಗೆ ಬಾಡಿಗೆ ಕಾರು ದುಬಾರಿ. ಎರಡು ದಿನ ಕಾರು ಓಡಿಸಲು ವಯಸ್ಸು ಬಿಡುವುದಿಲ್ಲ. ವಿಮಾನದಲ್ಲಿ ಹೋದರೆ ಸಾಮಾನು ಹಿಡಿಸುವುದಿಲ್ಲ. ಈ ಮೂರೂ ಕಷ್ಟ ಒಟ್ಟಿಗೆ ಇರುವವರ ದೊಡ್ಡ ಗುಂಪು ಒಂದೇ ದಾರಿಯಲ್ಲಿ ಸಿಕ್ಕಿತು.

ವ್ಯಾಗನ್ನಿನ ವಿಷಯವೂ ಇದೆ. ಅಲ್ಲಿನ ಕಾರಿನ ವ್ಯಾಗನ್ನುಗಳು ಮುಚ್ಚಿದವು, ಒಂದರ ಮೇಲೊಂದು ಅಂತಸ್ತಿನವು. ಕೊಂಕಣದಲ್ಲಿ 2 ಕಾರು ಹೋಗುವ ಕಡೆ ಅಲ್ಲಿ ಎಂಟು ಹತ್ತು ಹೋಗುತ್ತವೆ. ಅವು ಎಷ್ಟು ಎತ್ತರ ಅಂದರೆ ವಾಷಿಂಗ್ಟನ್ ನಗರದ ಸುರಂಗಗಳಲ್ಲಿ ತೂರುವುದಿಲ್ಲ. ಅದಕ್ಕೇ ನಿಲ್ದಾಣ ನಗರದ ಹೊರಗೆ, ಲಾರ್ಟನ್‌ನಲ್ಲಿ. ಕೋಲಾಡ್‌ನ ಹಾಗೇ ಹೊರವಲಯ. ಆದರೆ ರಾಜಧಾನಿಯಿಂದ 30 ಕಿ.ಮೀ. ಆಸುಪಾಸಷ್ಟೇ, ಆಮೇಲಿನ ಉಳಿತಾಯ 1,376 ಕಿ.ಮೀ. ಕೋಲಾಡ್‌ನಲ್ಲಿ 120 ಕಿ.ಮೀ. ಓಡಿಸಿಕೊಂಡು ಬಂದವನಿಗೆ ಉಳಿಯುವುದು 417 ಕಿ.ಮೀ. ರೈಲುದಾರಿ.

ವಿಸ್ತರಣೆಯೇ ಮುಳುಗಿಸಿದ ಕಂಪನಿ

ಈ ಅಮೆರಿಕದ ಕಥೆಯ ಮೊದಲ ಭಾಗ ವಿಸ್ತರಣೆ ಬೇಕು ಅನ್ನುವವರು ಓದಲೇಬೇಕಾದದ್ದು. ಈ ರೈಲನ್ನು ಶುರು ಮಾಡಿದ್ದು ಆಮ್‌ಟ್ರ್ಯಾಕ್ ಅಲ್ಲ. ಯೂಜೀನ್ ಗಾರ್ಫೀಲ್ಡ್ ಎಂಬವರ ಖಾಸಗಿ ಕಂಪನಿ, 1971ರ ಡಿಸೆಂಬರ್‌ನಲ್ಲಿ. ಪ್ರಯಾಣಿಕ ರೈಲುಗಳೆಲ್ಲ ನಷ್ಟದಲ್ಲಿದ್ದ ಕಾಲ ಅದು. ಹಾಗಿದ್ದೂ ಇದು ಬೇಗ ಜನಪ್ರಿಯವಾಯಿತು. 1974ರಲ್ಲಿ ಕಂಪನಿ ಕೆಂಟಕಿಯ ಲೂಯಿವಿಲ್‌ನಿಂದ ಫ್ಲಾರಿಡಾಕ್ಕೆ ಎರಡನೇ ರೈಲು ಬಿಟ್ಟಿತು. ಅಲ್ಲಿ ಜನ ಸಾಲಲಿಲ್ಲ. ಎಂಜಿನ್, ಸಿಬ್ಬಂದಿ, ಹಳಿ ಬಾಡಿಗೆ, ಎರಡು ತುದಿಯ ಖರ್ಚು ಎಲ್ಲ ಹಾಗೇ ನಿಂತವು. 1977ರಲ್ಲಿ ಅದನ್ನು ನಿಲ್ಲಿಸಿದರು. ಅದರ ಜೊತೆಗೆ ರೈಲು ಹಳಿ ತಪ್ಪಿದ ಅಪಘಾತಗಳ ಹೊಡೆತವೂ ಬಿತ್ತು. ಚೆನ್ನಾಗಿ ಓಡುತ್ತಿದ್ದ ಮೊದಲ ರೈಲೂ ಈ ಭಾರ ತಾಳಲಿಲ್ಲ. 1981ರಲ್ಲಿ ಕಂಪನಿ ಬಾಗಿಲು ಹಾಕಿತು. 1983ರ ಅಕ್ಟೋಬರ್‌ನಲ್ಲಿ ಆಮ್‌ಟ್ರ್ಯಾಕ್ ಅದೇ ದಾರಿಯಲ್ಲಿ ಮತ್ತೆ ಶುರು ಮಾಡಿತು. ಅಲ್ಲಿಂದ ಈವರೆಗೆ ಎರಡನೇ ಮಾರ್ಗಕ್ಕೆ ಕೈ ಹಾಕಿಲ್ಲ.

ಯುರೋಪಿನಲ್ಲಿ ಈ ಬಗೆಯ ರೈಲುಗಳು ಒಂದೊಂದಾಗಿ ನಿಂತವು. ಬ್ರಿಟನ್ನಿನ ಸರ್ಕಾರಿ ರೈಲ್ವೆಯ ಮೋಟೊರೈಲ್ 1995ರಲ್ಲಿ ಮುಗಿಯಿತು. ಜರ್ಮನಿಯ ಸರ್ಕಾರಿ ರೈಲ್ವೆ ಕಳೆದ ದಶಕದಲ್ಲಿ ಕೈಬಿಟ್ಟಿತು. ಫ್ರಾನ್ಸ್ ಕೂಡ ಅದೇ ದಾರಿ ಹಿಡಿಯಿತು. ಅಗ್ಗದ ವಿಮಾನ ಬಂತು, ಇಳಿದಲ್ಲೇ ಬಾಡಿಗೆ ಕಾರು ಸಿಗತೊಡಗಿತು, ಹಳೆಯ ವ್ಯಾಗನ್ನುಗಳನ್ನು ಬದಲಿಸಲು ದುಡ್ಡು ಹಾಕುವವರು ಇರಲಿಲ್ಲ. ಉಳಿದುಕೊಂಡವು ಕೆಲವೇ. ಆಸ್ಟ್ರಿಯಾದ ರಾತ್ರಿ ರೈಲುಗಳು ಕೆಲವು ದಾರಿಗಳಲ್ಲಿ ಕಾರು ಒಯ್ಯುತ್ತವೆ. ಫಿನ್ಲೆಂಡ್‌ನಲ್ಲಿ ಹೆಲ್ಸಿಂಕಿಯಿಂದ 900 ಕಿ.ಮೀ. ಆಸುಪಾಸಿನ ಲ್ಯಾಪ್‌ಲ್ಯಾಂಡ್‌ಗೆ ಹೋಗುವ ರೈಲುಗಳು ಚೆನ್ನಾಗಿ ನಡೆಯುತ್ತಿವೆ. ಅಲ್ಲಿಗೆ ಹೋಗುವವರು ಸ್ಕೀ, ಮಕ್ಕಳು, ನಾಯಿ ಎಲ್ಲವನ್ನೂ ಹೊತ್ತುಕೊಂಡು ವಾರಗಟ್ಟಲೆ ಇರುತ್ತಾರೆ. ಚಳಿಗಾಲದ ಕತ್ತಲು, ಹಿಮದ ರಸ್ತೆ ಅವರಿಗೆ ಬೇಡ.

ಉಳಿದ ರೈಲುಗಳಲ್ಲೆಲ್ಲ ಒಂದೇ ಎಳೆ ಕಾಣುತ್ತದೆ. ದಾರಿ ಉದ್ದವಿರಬೇಕು. ಹೋದವರು ಅಲ್ಲಿ ತುಂಬ ದಿನ ಇರಬೇಕು. ರಸ್ತೆ ಎಷ್ಟು ಕೆಟ್ಟಿದೆ ಅನ್ನುವುದಕ್ಕಿಂತ, ಹೋದಲ್ಲಿ ಎಷ್ಟು ದಿನ ಇರುತ್ತಾರೆ ಅನ್ನುವುದೇ ಕಾರಿನ ರೈಲನ್ನು ಉಳಿಸುವುದು.

ಇದನ್ನು ಗೋವಾಕ್ಕೆ ಹಚ್ಚಿ ನೋಡಿ. ಕಾರಿನ ಹೋಗಿಬರುವ ದರ 15,750 ರೂಪಾಯಿ. ಗೋವಾದಲ್ಲಿ ಬಾಡಿಗೆ ಕಾರು ದಿನಕ್ಕೆ 2,000 ರೂಪಾಯಿ ಅಂತ ಇಟ್ಟುಕೊಳ್ಳೋಣ. 8 ದಿನ ದಾಟಿದರೆ ಮಾತ್ರ ನಮ್ಮ ಕಾರನ್ನು ಒಯ್ಯುವುದು ಲಾಭ. ಗೋವಾಕ್ಕೆ ಸುತ್ತಾಡಲು ಹೋಗುವವರು ಎಷ್ಟು ದಿನ ಇರುತ್ತಾರೆ? ಮೂರು ನಾಲ್ಕು ದಿನ. ಲೆಕ್ಕ ಅಲ್ಲೇ ಕೈಕೊಡುತ್ತದೆ.

ಒಂಟಿ ಹಳಿಯ ಮೇಲೆ ಯಾರಿಗೆ ಜಾಗ

ಈ ಸೇವೆಯನ್ನು ವಿರೋಧಿಸುವವರ ವಾದವೂ ಗಟ್ಟಿಯಾಗಿದೆ. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗಿನ 741 ಕಿ.ಮೀ. ಕೊಂಕಣ ಮಾರ್ಗದಲ್ಲಿ ಜೋಡಿ ಹಳಿ ಇರುವುದು ರೋಹಾ–ವೀರ್ ನಡುವಿನ ಸಣ್ಣ ತುಂಡಿನಲ್ಲಿ ಮಾತ್ರ. ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ಒಂಟಿ ಹಳಿ. ಎದುರಿನಿಂದ ರೈಲು ಬಂದರೆ ಒಂದು ನಿಲ್ದಾಣದಲ್ಲಿ ಕಾಯಬೇಕು. ಮಳೆಗಾಲದಲ್ಲಿ ವೇಗ ತಗ್ಗಿಸಿ ಬೇರೆ ವೇಳಾಪಟ್ಟಿಯಲ್ಲೇ ಓಡಿಸುತ್ತಾರೆ. ಗಣೇಶ ಚತುರ್ಥಿ ಬರುವುದು ಆಗಲೇ. 2025ರ ಹಬ್ಬಕ್ಕೆ ರೈಲ್ವೆ 380 ವಿಶೇಷ ಟ್ರಿಪ್‌ಗಳನ್ನು ಘೋಷಿಸಿತ್ತು. ಅಂಥ ಒಂದು ರೈಲು ಸಾವಿರಕ್ಕೂ ಜಾಸ್ತಿ ಜನರನ್ನು ಒಯ್ಯುತ್ತದೆ. ಕಾರಿನ ರೈಲು ತುಂಬಿದರೂ 120 ಜನ. ಎರಡಕ್ಕೂ ಬೇಕಾಗಿರುವುದು ಅದೇ ಒಂದು ಹಳಿ. ವೇಟಿಂಗ್ ಲಿಸ್ಟ್‌ನಲ್ಲಿ ಸಿಕ್ಕಿಕೊಂಡವರು, ಕಾರಿಲ್ಲದ ನಮಗೆ ಮೊದಲು ಸೀಟು ಕೊಡಿ ಅಂದರೆ ಅದರಲ್ಲಿ ತಪ್ಪೇನಿದೆ?

ಸಮರ್ಥಿಸುವವರು ಬೇರೆ ಮಾತು ಹೇಳುತ್ತಾರೆ. ವ್ಯಾಗನ್ನೂ ರ‍್ಯಾಂಪೂ ಇದ್ದೇ ಇವೆ, ಹೊಸ ಬಂಡವಾಳ ಕಡಿಮೆ. ರಸ್ತೆಯಿಂದ 40 ಕಾರು ಇಳಿದರೂ ಅಷ್ಟು ಒಳ್ಳೆಯದೇ. ವಿದ್ಯುತ್ ಎಂಜಿನ್ ಎಳೆಯುವುದರಿಂದ ಹೊಗೆಯೂ ಕಡಿಮೆ. ಇದರಲ್ಲಿ ಸತ್ಯ ಇದೆ, ಆದರೆ ರೈಲು ತುಂಬಿದರೆ ಮಾತ್ರ. ಎಂಜಿನ್, ಸಿಬ್ಬಂದಿ, ಹಳಿಯ ಹೊತ್ತು ಇವುಗಳ ಖರ್ಚು 5 ಕಾರಿಗೂ ಅಷ್ಟೇ, 40 ಕಾರಿಗೂ ಅಷ್ಟೇ. 40 ಕಾರಿದ್ದರೆ ಕಾರಿನ ಬಾಬ್ತು 3.15 ಲಕ್ಷ ರೂಪಾಯಿ ಬರುತ್ತದೆ. 16 ಇದ್ದರೆ 1.26 ಲಕ್ಷ. 5 ಇದ್ದರೆ 40 ಸಾವಿರವೂ ಇಲ್ಲ. ಖಾಲಿ ವ್ಯಾಗನ್ನುಗಳನ್ನು ಎಳೆದುಕೊಂಡು ಹೋಗುವ ರೈಲಿನಿಂದ ಪರಿಸರಕ್ಕೂ ಲಾಭವಿಲ್ಲ.

ಲಾರಿಯ ರೋ-ರೋ ಇಷ್ಟು ವರ್ಷ ನಡೆದದ್ದಕ್ಕೂ ಕಾರಣ ಇಲ್ಲೇ ಸಿಗುತ್ತದೆ. ಲಾರಿ ಮಾಲೀಕನಿಗೆ ಡೀಸೆಲ್ ಉಳಿಯುತ್ತದೆ, ಟೈರ್ ಸವೆಯುವುದಿಲ್ಲ, ಡ್ರೈವರ್ ನಿದ್ದೆ ಮಾಡಿ ಏಳುತ್ತಾನೆ. ಅವನಿಗೆ ಅದು ನೇರ ದುಡ್ಡು. ಅವನು ವರ್ಷವಿಡೀ ಬರುತ್ತಾನೆ. ಕಾರಿನವನು ಹಬ್ಬಕ್ಕೊಮ್ಮೆ ಬರುತ್ತಾನೆ.

ಬೆಂಗಳೂರಿನಿಂದ ಕರಾವಳಿಗೆ ಬರಬಹುದಾ?

ಶಿರಾಡಿ ಘಾಟ್ ಮಳೆಗಾಲದಲ್ಲಿ ಕುಸಿದಾಗಲೆಲ್ಲ ಈ ಪ್ರಶ್ನೆ ಏಳುವುದು ಸಹಜ. ಆಸೆ ಅರ್ಥವಾಗುತ್ತದೆ. ಆದರೆ ಇದು ಆಗುವ ಮಾತಲ್ಲ. ಬೆಂಗಳೂರು–ಮಂಗಳೂರು ರಸ್ತೆ 350 ಕಿ.ಮೀ. ಆಸುಪಾಸು, ಏಳೆಂಟು ಗಂಟೆಯ ದಾರಿ. ಕಾರು ಹತ್ತಿಸಲು ಎರಡು ಮೂರು ಗಂಟೆ, ಇಳಿಸಲು ಒಂದು ಗಂಟೆ ಕೊಟ್ಟರೆ ರೈಲು ಶುರುವಾಗುವ ಮೊದಲೇ ಅರ್ಧ ಸಮಯ ಮುಗಿಯಿತು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ, 50 ಮೀಟರಿಗೆ ಒಂದು ಮೀಟರ್ ಏರು. ರೈಲುಗಳು ತೆವಳಿಕೊಂಡೇ ಹತ್ತುತ್ತವೆ.

ಸ್ವಿಟ್ಜರ್ಲೆಂಡ್‌ನ ಹಾಗೆ ಘಟ್ಟದ ಭಾಗಕ್ಕಷ್ಟೇ ಕಾರು ದಾಟಿಸಬಹುದಲ್ಲ ಅನ್ನುವವರೂ ಇದ್ದಾರೆ. ಅಲ್ಲಿ ಕಾಂಡರ್‌ಸ್ಟೆಗ್–ಗೊಪೆನ್‌ಸ್ಟೈನ್ ನಡುವೆ ಬೆಟ್ಟದೊಳಗಿನ ಸುರಂಗದಲ್ಲಿ ಕಾಲು ಗಂಟೆಯಲ್ಲಿ ಕಾರು ದಾಟಿಸುತ್ತಾರೆ. ಹೊರಗೆ ಹಿಮ ಬಿದ್ದರೂ ಒಳಗೆ ತೊಂದರೆ ಇಲ್ಲ. ನಮ್ಮ ಘಟ್ಟದಲ್ಲಿ ರಸ್ತೆ ಕುಸಿಯುವ ಮಳೆಗೆ ಹಳಿಯೂ ಕುಸಿಯುತ್ತದೆ. 2018ರಲ್ಲಿ ಹಾಗಾಯಿತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಜಾರಿ ಮತ್ತೆ ರೈಲುಗಳು ನಿಂತವು. ಕಾರಿನ ರೈಲು ಬೇಕೇಬೇಕಾದ ದಿನವೇ ಅದು ಓಡದು.

ಸುರತ್ಕಲ್‌ನಲ್ಲಿ ಇರುವ ಅವಕಾಶ

ಕರ್ನಾಟಕಕ್ಕೆ ಈ ಸೇವೆ ಹೊಂದುವ ಒಂದು ದಾರಿ ಇದ್ದರೆ ಅದು ಕೋಲಾಡ್–ಸುರತ್ಕಲ್. ಎರಡೂ ಕಡೆ ಲಾರಿಯ ರ‍್ಯಾಂಪ್ ಇದೆ. ರೈಲಿನ ದೂರ ಸುಮಾರು 720 ಕಿ.ಮೀ. ಮುಂಬೈಯಿಂದ ಮಂಗಳೂರಿಗೆ ರಸ್ತೆಯಲ್ಲಿ 900 ಕಿ.ಮೀ. ಹತ್ತಿರ, ಒಬ್ಬರೇ ಒಂದು ದಿನದಲ್ಲಿ ಓಡಿಸಿ ಮುಗಿಸುವ ದಾರಿಯಲ್ಲ.

ಗ್ರಾಹಕರೂ ಇದ್ದಾರೆ. ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದಿಂದ ಹೋಗಿ ಮುಂಬೈ, ಠಾಣೆ, ಡೊಂಬಿವಲಿಗಳಲ್ಲಿ ತಲೆಮಾರುಗಳಿಂದ ನೆಲೆಸಿದ ಕುಟುಂಬಗಳು ಎಷ್ಟೊಂದಿವೆ. ಮಕ್ಕಳಿಗೆ ರಜೆ ಸಿಕ್ಕ ಕೂಡಲೇ ಏಪ್ರಿಲ್, ಮೇ ತಿಂಗಳಲ್ಲಿ ಊರಿಗೆ ಬರುತ್ತಾರೆ. ಮದುವೆ, ಕೋಲ, ನೇಮ, ಜಾತ್ರೆ, ಹಳೇ ಮನೆಯ ರಿಪೇರಿ. ಎರಡು ಮೂರು ವಾರ ನಿಲ್ಲುತ್ತಾರೆ. ಹಳ್ಳಿಯಿಂದ ಹಳ್ಳಿಗೆ ಓಡಾಡಬೇಕು, ಮನೆಯಲ್ಲಿ ವಯಸ್ಸಾದವರು ಇರುತ್ತಾರೆ. ಫ್ಲಾರಿಡಾದ ಚಳಿಗಾಲದ ಗ್ರಾಹಕನಿಗೆ ನಮ್ಮಲ್ಲಿ ಯಾರಾದರೂ ಹೋಲುವುದಾದರೆ ಇವರೇ. ಆ ತಿಂಗಳುಗಳಲ್ಲಿ ಮಳೆಗಾಲದ ನಿಧಾನದ ವೇಳಾಪಟ್ಟಿಯೂ ಇರುವುದಿಲ್ಲ.

ತೊಡಕುಗಳೂ ಕಣ್ಣಿಗೆ ಕಾಣುತ್ತವೆ. ವೆರ್ಣಾಕ್ಕಿಟ್ಟ ದರವನ್ನೇ ಕಿಲೋಮೀಟರ್ ಲೆಕ್ಕದಲ್ಲಿ ಹಿಡಿದರೆ ಸುರತ್ಕಲ್‌ಗೆ ಸುಮಾರು 13,600 ರೂಪಾಯಿ ಆಗುತ್ತದೆ, ಹೋಗಿಬರಲು 27,000. ಮೂರು ವಾರ ಇರುವ ಕುಟುಂಬಕ್ಕೆ ಇದು ಬಾಡಿಗೆ ಕಾರಿಗಿಂತ ಕಡಿಮೆಯೇ, ಆದರೂ ಕೈ ಬಿಗಿಯಾಗುವ ಮೊತ್ತ. ವೇಗ ಇನ್ನೂ ದೊಡ್ಡ ತೊಡಕು. 417 ಕಿ.ಮೀ.ಗೆ 12 ಗಂಟೆ ಅಂದರೆ ಗಂಟೆಗೆ 35 ಕಿ.ಮೀ. ಅದೇ ನಡಿಗೆಯಲ್ಲಿ ಸುರತ್ಕಲ್ ತಲುಪಲು 20 ಗಂಟೆ ಬೇಕು. ಆಟೋ ಟ್ರೈನ್ ಗಂಟೆಗೆ 80 ಕಿ.ಮೀ. ಸರಾಸರಿಯಲ್ಲಿ ಓಡುತ್ತದೆ. ಈ ರೈಲನ್ನು ಪ್ರತಿ ನಿಲ್ದಾಣದಲ್ಲೂ ಪಕ್ಕಕ್ಕೆ ಸರಿಸಿ ಬೇರೆಯವನ್ನು ಬಿಡುತ್ತಾ ಹೋದರೆ ಯಾರೂ ಎರಡನೇ ಸಲ ಹತ್ತುವುದಿಲ್ಲ. ಪ್ರಯಾಣಿಕ ರೈಲಿನ ದರ್ಜೆ ಕೊಟ್ಟು, 14 ಗಂಟೆಯೊಳಗೆ ತಲುಪಿಸುವ ದಾರಿ ಹುಡುಕಬೇಕು. ಬೇಸಿಗೆಯಲ್ಲೂ ಆ ಹಳಿಯ ಮೇಲೆ ರಶ್ ಇದ್ದೇ ಇರುತ್ತದೆ. ಹಾಗಾಗಿ ದಿನವೂ ಬೇಡ, ವಾರಕ್ಕೆ ಎರಡು ಸಲ ಇದ್ದರೆ ಸಾಕು.

ಮೂರು ಜನರ ಮಿತಿಯನ್ನೂ ಬಿಡಬೇಕು. ಅಜ್ಜಿಯನ್ನು ಬೇರೆ ರೈಲಿಗೆ ಹತ್ತಿಸಿ ಕಾರನ್ನು ಈ ರೈಲಿಗೆ ಹತ್ತಿಸುವ ಕುಟುಂಬ ಎಲ್ಲಿದೆ? ಐದು ಸೀಟಿನ ಕಾರಿಗೆ ಐದು ಟಿಕೆಟ್ ಕೊಡುವುದು ದೊಡ್ಡ ವಿಷಯವೇನಲ್ಲ, ಇನ್ನೊಂದೆರಡು ಬೋಗಿ ಸೇರಿಸಿದರಾಯಿತು. ಬೈಕುಗಳಿಗೂ ಒಂದೆರಡು ವ್ಯಾಗನ್ ಮೀಸಲಿಟ್ಟರೆ ಕಾರಿಲ್ಲದವರಿಗೂ ಈ ರೈಲಿನಲ್ಲಿ ಪಾಲು ಸಿಗುತ್ತದೆ.

ಇದನ್ನೆಲ್ಲ ಯಾರು ನಿರ್ಧರಿಸುತ್ತಾರೆ ಅನ್ನುವುದೂ ಬದಲಾಗುವ ಹೊತ್ತಿದು. ಕೊಂಕಣ ರೈಲ್ವೆ ಈಗ ಕೇಂದ್ರ ಮತ್ತು ನಾಲ್ಕು ರಾಜ್ಯಗಳ ಪಾಲುದಾರಿಕೆಯ ನಿಗಮ, ಕರ್ನಾಟಕವೂ ಅದರಲ್ಲಿ ಪಾಲುದಾರ. ಅದನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡಲು 2025ರ ಮೇ ತಿಂಗಳಲ್ಲಿ ಮಹಾರಾಷ್ಟ್ರವೂ ಒಪ್ಪಿತು. ಉಳಿದ ಮೂರು ರಾಜ್ಯಗಳು ಮೊದಲೇ ಒಪ್ಪಿದ್ದವು. ವಿಲೀನವಾದರೆ ರೋಹಾದ ಗಡಿ ಅಳಿಯುತ್ತದೆ. ಆಗ ಕಾರು ಹತ್ತಿಸುವ ಜಾಗವನ್ನು ಕೋಲಾಡ್‌ನಿಂದ ಪನ್ವೇಲ್ ಕಡೆಗೆ ತರುವ ಮಾತು ಒಂದೇ ಮನೆಯೊಳಗಿನ ಮಾತಾಗುತ್ತದೆ. ಪನ್ವೇಲ್‌ನಿಂದ ಹೊರಟರೆ ಹೆದ್ದಾರಿಯ ಅತಿ ಕೆಟ್ಟ ಭಾಗವೂ ತಪ್ಪುತ್ತದೆ. ಅಲ್ಲಿಯವರೆಗೆ ಕಾಯದೆ ಸುರತ್ಕಲ್ ರೈಲನ್ನು ಒಂದು ಬೇಸಿಗೆ ಪರೀಕ್ಷೆ ಮಾಡುವುದಾದರೆ, ಅದರ ದಿನಾಂಕ ಮತ್ತು ದರ ಜನವರಿಯಲ್ಲೇ ಹೊರಬೀಳಬೇಕು. ಏಪ್ರಿಲ್‌ನ ಟಿಕೆಟ್‌ಗಳು ಫೆಬ್ರವರಿಯಲ್ಲೇ ಖಾಲಿಯಾಗುತ್ತವೆ. ಊರಿಗೆ ಬರುವವರು ಹೇಗೆ ಬರುವುದು ಅಂತ ನಿರ್ಧರಿಸುವುದು ಆಗಲೇ.